ಪರೂರೋ ಬೀದಿಯಲ್ಲಿ ಬಿಚ್ಚಿದ್ದು

ಹೊಸದು ಬಂದಿದೆ.
ಸಾಬೂನಿನ ಪೆಟ್ಟಿಗೆಯಷ್ಟು ಗಾತ್ರ, ಹಸಿರು ಬಣ್ಣ,
ಮೇಲೊಂದು ಗಿಳಿ,
ಮೂರು ತಿರುಪು, ಕಾಲಲ್ಲಿ ಒತ್ತಲು ಒಂದು ಗುಂಡಿ.
ಬೆಲೆ: ನಾಲ್ಕು ಮದುವೆ, ಒಂದು ದೀಕ್ಷಾಸ್ನಾನ.
ಲಿಮಾದ ಗಿಟಾರಿನವರು ಎಣಿಸುವುದು ಹಾಗೇ.
ನಾಣ್ಯಕ್ಕೆ ಸೋಲ್ ಎಂದು ಹೆಸರು, ಸೂರ್ಯ ಎಂದರ್ಥ;
ಕನ್ನಡದ ಕಿವಿಗೆ ಬೇರೆಯೇ ಕೇಳುತ್ತದೆ,
ಅದೂ ಸುಳ್ಳಲ್ಲ.

ಶನಿವಾರ. ಪರೂರೋ ಬೀದಿ.
ರೆಸಿಸ್ಟರುಗಳನ್ನು ಹುರಿಗಾಳಿನಂತೆ ಮೊಗೆದು ಕೊಡುವ ಓಣಿ.
ನೆಲಿದಾಳ ಅಂಗಡಿ ಎಂದರೆ ಒಂದು ಕಪಾಟು, ಒಂದು ಸ್ಟೂಲು,
ಬೆಸುಗೆಯ ಹೊಗೆ.
ಗಿರಾಕಿಗಳು ನಿಂತೇ ಮಾತಾಡಬೇಕು.

ವಿಲ್ಮೆರನ ಬಾಯಲ್ಲಿ ಬರೀ ಮರದ ಜಾತಿ:
‘ಹುರಿದ ಮೇಪಲ್ಲಿನ ಕತ್ತು, ಸ್ಟೀಲಿನ ಫ್ರೆಟ್ಟು,
ಮೊಮ್ಮಗನ ಕಾಲಕ್ಕೂ ಸವೆಯುವುದಿಲ್ಲ.’
‘ಮೊದಲು ಮಗ ಆಗಲಿ,’
ತಲೆ ಎತ್ತದೆ ಅಂದಳು ನೆಲಿದಾ.

ಸತುರ್ನಿನೊಗೆ ಮರ ಬೇಡ, ಎಲ್ಲ ಡಿಜಿಟಲ್:
‘ನೂರ ಹದಿನೆಂಟು ಆಂಪ್ಲಿಫೈಯರು ಒಂದೇ ಡಬ್ಬಿಯಲ್ಲಿ!
ಬಸ್ಸಿನ ಮೇಲೆ ಏನೂ ಕಟ್ಟಬೇಕಿಲ್ಲ, ಬೆನ್ನು ಉಳಿಯಿತು.’
‘ನೀನು ನುಡಿಸುವುದು ಮೂರು ಕಾರ್ಡು ಕಣಯ್ಯಾ.’
‘ನಾಲ್ಕು.’
‘ನಾಲ್ಕನೆಯದು ಕುಡಿದಾಗ.’

ಗಿಳಿಯ ಡಬ್ಬಿ ಇವರದಲ್ಲ.
ಮಿರಾಫ್ಲೋರೆಸ್‌ನ ಹುಡುಗನೊಬ್ಬ ರಿಪೇರಿಗೆ ಬಿಟ್ಟು ಹೋದದ್ದು.
ಹಿಂದೆ ಸಣ್ಣ ಅಕ್ಷರದಲ್ಲಿ:
‘ಅಮೆಜಾನ್ ಕಾಡಿನ ಕಳೆದುಹೋದ ನಾದ,
ಈಗ ನಿಮ್ಮ ಪಾದದಡಿ.’

ಆಗಲೇ ಫ್ಯೂಸು ಕೊಳ್ಳಲು ಬಂದವನು
ಎಪ್ಪತ್ತನಾಲ್ಕರ ಎಲ್ಯುತೇರಿಯೊ.
ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ ಓದಿದ.
‘ಕಳೆದದ್ದು ಯಾವಾಗ?’ ಎಂದ.

ನೆಲಿದಾ ನಾಲ್ಕು ಸ್ಕ್ರೂ ಬಿಚ್ಚಿದಳು.
ಒಳಗೆ ಕಪ್ಪು ಅಂಟು, ಗಟ್ಟಿ, ಡಾಂಬರಿನ ಹಾಗೆ.
ನಕಲು ಮಾಡುವವರ ಕಣ್ಣಿಗೆ ಮಣ್ಣು.
ಏಳು ಸಮುದ್ರದಾಚೆ ಗಿಳಿಯೊಳಗೆ ಜೀವ ಬಚ್ಚಿಟ್ಟ
ರಾಕ್ಷಸನೂ ಇಷ್ಟು ಅಂಟು ಸುರಿದಿರಲಾರ.
ಬಿಸಿಗಾಳಿ ಬಿಟ್ಟಳು, ಹಲ್ಲಿನ ಡಾಕ್ಟರ ಕೊಕ್ಕೆಯಿಂದ ಕೆದಕಿದಳು.
ಮಾತು ನಿಂತಿತ್ತು. ವಿಲ್ಮೆರನದೂ.

ಎರಡು ಟ್ರಾನ್ಸಿಸ್ಟರು.
ನಾಲ್ಕು ಕೆಪಾಸಿಟರು.
ಹಳೇ ರೇಡಿಯೊಗಳ ಹೊಟ್ಟೆ ಬಗೆದು
ಅವಳ ಡ್ರಾಯರಿನಲ್ಲಿ ಹಿಡಿಗಟ್ಟಲೆ ಬಿದ್ದಿರುವಂಥವೇ.
ತುಂಡಾದ ತಂತಿಯೊಂದಕ್ಕೆ ಬೆಸುಗೆ ಇಟ್ಟು
‘ನುಡಿಸಿ, ದೊಡ್ಡಪ್ಪಾ’ ಅಂದಳು.

ಅವನು ಪುಕಾಲ್ಪಾದಲ್ಲಿ ನುಡಿಸಿದ್ದು ಐವತ್ತು ವರ್ಷದ ಹಿಂದೆ.
ನದಿ ದಡದ ಗರಗಸದ ಮಿಲ್ಲು, ಸಂಬಳದ ರಾತ್ರಿ.
ಸ್ಪೀಕರಿನ ಕಾಗದವನ್ನು ಇಲಿ ಕಡಿದಿತ್ತು;
ಹೆಂಡತಿಯ ಉಗುರುಬಣ್ಣ ಹಚ್ಚಿ ಅಂಟಿಸಿದ್ದ.
ಹರಿದದ್ದು ಹರಿದ ಹಾಗೇ ಹಾಡಿತು, ಕೆಂಪಗೆ, ಕೆರಳಿ.
ರೆಕಾರ್ಡಿನ ಮೇಲೆ ಹಡಗಿನ ಚಿತ್ರ ಇತ್ತು,
ಅವನ ಹೆಸರು ಇರಲಿಲ್ಲ.
ಇದನ್ನೆಲ್ಲ ಅವನು ಅವತ್ತು ಹೇಳಲಿಲ್ಲ.
ಬೀದಿಗೆ ಗೊತ್ತು.

ನುಡಿಸಿದ.
ಪಕ್ಕದ ಅಂಗಡಿಯ ಚಾರ್ಜರು ಮಾರುವ ಹೆಂಗಸು
ಎದ್ದು ಬಂದಳು, ಕೈಯಲ್ಲಿ ಚಿಲ್ಲರೆ ಹಾಗೇ ಇತ್ತು.
ಗಿಳಿ ಸರಿಯಾಗಿಯೇ ಕೂಗಿತು,
ಅಲ್ಲಿ ಎಲ್ಲಿ ಹರಿದಿತ್ತೋ ಇಲ್ಲೂ ಅಲ್ಲೇ ಹರಿಯಿತು.
ಸತುರ್ನಿನೊ ಕೇಳಿದ: ‘ಅದೇನಾ?’

ಮುದುಕ ತಂತಿಗಳ ಮೇಲೆ ಅಂಗೈ ಇಟ್ಟ.
‘ಚೆನ್ನಾಗಿದೆ. ಸುಳ್ಳು ಯಾಕೆ ಹೇಳಲಿ.
ಆದರೆ ಇದರಲ್ಲಿ ಡೀಸೆಲ್ ಮುಗಿಯುವುದಿಲ್ಲ.’

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.
ಬೆಳಗಿನ ಜಾವ ಜನರೇಟರು ಏದುಸಿರು ಬಿಡುವಾಗ
ದೀಪ ಕುಗ್ಗಿ, ಸ್ವರವೂ ಕುಗ್ಗಿ,
ಕುಣಿಯುವವರು ಕತ್ತಲಲ್ಲಿ ಇನ್ನೂ ಹತ್ತಿರ ಬರುತ್ತಾರಲ್ಲ,
ಆ ತಿರುಪು.

ನೆಲಿದಾ ತಡಕಾಡಿದಳು, ಕಪ್ಪು ಅಂಟು ಸಿಗಲಿಲ್ಲ.
ಕೈಚೀಲದಿಂದ ಕೆಂಪು ಉಗುರುಬಣ್ಣ ತೆಗೆದು
ಎರಡು ಹನಿ ಬಿಟ್ಟು ಮುಚ್ಚಳ ಹಾಕಿದಳು.
ಮುದುಕ ಫ್ಯೂಸಿನ ದುಡ್ಡು ಎಣಿಸಿಟ್ಟ; ಅರ್ಧ ಸೋಲ್ ಕಡಿಮೆ.
ಬಿಡಿ ಅಂದಳು.

ವಿಲ್ಮೆರ್ ಮತ್ತೆ ಶುರು:
ಹುರಿದ ಮೇಪಲ್, ಹನ್ನೆರಡು ಕಂತು,
ಬಡ್ಡಿ ಇಲ್ಲವಂತೆ.